ಪಿಕಪ್ ಗಾಡಿಗೆ ಮನೇಲೇ ಸಸ್ಪೆನ್ಷನ್ ಲಿಫ್ಟ್: ಪದೇ ಪದೇ ಕೇಳೋ ಪ್ರಶ್ನೆಗಳು

ನನ್ನ ಪಿಕಪ್ಪನ್ನ ನಾನೇ ಎತ್ತರ ಮಾಡ್ಕೊಂಡಿದೀನಿ ಅಂತ ಗೊತ್ತಾದಾಗಿಂದ ಎಲ್ರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳ್ತಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ಮೊದ್ಲೇ ಹೇಳ್ಬಿಡ್ತೀನಿ, ಗಾಡಿ ಎತ್ತೋದು ಒಂದು ದಿನದ ಕೆಲ್ಸ ಅಷ್ಟೇ. ಎತ್ತಿದ್ದಕ್ಕೆ ಜಾಗ ತಪ್ಪಿದ ಬ್ರೇಕ್ ಹೋಸು, ಶಾಫ್ಟು (ಗೇರ್‌ಬಾಕ್ಸಿಂದ ಚಕ್ರದ ಕಡೆಗೆ ಶಕ್ತಿ ಒಯ್ಯೋ ಉದ್ದ ದಂಡ), ಸ್ಟೇರಿಂಗು ಇವನ್ನೆಲ್ಲ ವಾಪಸ್ ಸರಿಗೆ ತರೋದ್ರಲ್ಲೇ ಜಾಸ್ತಿ ಟೈಮ್ ಹೋಗೋದು, ಅದನ್ನ ಬಿಟ್ಟೋರಿಗೇ ಆಮೇಲೆ ತೊಂದ್ರೆ ಆಗೋದು.

## ಶುರು ಮಾಡೋಕ್ಕಿಂತ ಮುಂಚೆ

ಬಾಡಿ ಲಿಫ್ಟ್ ಬೇರೆ ಸಸ್ಪೆನ್ಷನ್ ಲಿಫ್ಟ್ ಬೇರೆನಾ? ಎರಡ್ರಲ್ಲೂ ಗಾಡಿ ಮೇಲೆ ಹೋಗುತ್ತಲ್ವಾ?

ಬೇರೆ ಬೇರೆ. ಬಾಡಿ ಲಿಫ್ಟ್ ಅಂದ್ರೆ ಚಾಸಿಗೂ ಕ್ಯಾಬಿನ್ನಿಗೂ ಮಧ್ಯೆ ಸ್ಪೇಸರ್ ಇಟ್ಟು ಬಾಡಿನ ಮಾತ್ರ ಮೇಲೆತ್ತೋದು, ಚಾಸಿ, ಇಂಜಿನ್, ಗೇರ್‌ಬಾಕ್ಸ್ ಎಲ್ಲಾ ಮೊದ್ಲು ಎಲ್ಲಿತ್ತೋ ಅಲ್ಲೇ ಇರುತ್ತೆ. ದೊಡ್ಡ ಟೈರಿಗೆ ಜಾಗ ಸಿಗುತ್ತೆ, ಆದ್ರೆ ಗಾಡಿ ಹೊಟ್ಟೆ ಕೆಳಗೆ ಒಂದು ಮಿಮೀನೂ ಜಾಸ್ತಿ ಆಗಲ್ಲ. ಸಸ್ಪೆನ್ಷನ್ ಲಿಫ್ಟಲ್ಲಿ ಚಾಸಿನೇ ಚಕ್ರಗಳು ಕೂತಿರೋ ಆಕ್ಸಲ್‌ನಿಂದ ದೂರ ಹೋಗುತ್ತೆ, ಹಂಗಾಗಿ ಹೊಟ್ಟೆ ಭಾಗ ಎತ್ತರ ಆಗುತ್ತೆ, ದಿಣ್ಣೆ ಹತ್ತೋವಾಗ ಇಳಿಯೋವಾಗ ಬಂಪರ್ ತಾಗೋದು ಕಮ್ಮಿ ಆಗುತ್ತೆ.

ಲಿಫ್ಟ್ ಮಾಡಿದ್ರೆ ಹಿಂದಿನ ಹೌಸಿಂಗ್ ಕಲ್ಲಿಗೆ ಹೊಡೆಯೋದು ನಿಲ್ಲುತ್ತಾ?

ಇಲ್ಲ. ಹೌಸಿಂಗ್, ಅಂದ್ರೆ ಹಿಂದಿನ ಆಕ್ಸಲ್ಲೂ ಅದರ ಗೇರೂ ಒಳಗಿರೋ ಕವಚ, ಕೂತಿರೋದು ಚಕ್ರದ ನಡುವೆ, ಅದರ ಎತ್ತರ ಟೈರಿನ ಅರ್ಧ ವ್ಯಾಸದ ಮೇಲೆ ನಿಂತಿದೆ. ನೀವು ಸ್ಪ್ರಿಂಗ್ ಎಷ್ಟೇ ಎತ್ರಿ, ಹೌಸಿಂಗ್ ಇದ್ದಲ್ಲೇ ಇರುತ್ತೆ. ಉದಾಹರಣೆಗೆ 265/70 ಆರ್ 16 ಟೈರಿನ ವ್ಯಾಸ ಸುಮಾರು 777 ಮಿಮೀ, 285/75 ಆರ್ 16 ಹಾಕಿದ್ರೆ ಸುಮಾರು 834. ವ್ಯತ್ಯಾಸ 57 ಮಿಮೀ, ಅದರಲ್ಲಿ ಅರ್ಧ, ಅಂದ್ರೆ 28 ಮಿಮೀ ಮಾತ್ರ ಹೌಸಿಂಗ್ ಮೇಲೆ ಹೋಗುತ್ತೆ. ಲಿಫ್ಟ್ ಮಾಡೋದು ಆ ಟೈರಿಗೆ ಜಾಗ ಮಾಡ್ಕೊಡೋಕೆ.

ಎಷ್ಟು ಎತ್ತಿದ್ರೆ ಸಾಕು? ನಂಗೆ 6 ಇಂಚು ಬೇಕು ಅನ್ನಿಸ್ತಿದೆ

ಮನೇಲಿ ಮಾಡೋದಾದ್ರೆ 40 ರಿಂದ 50 ಮಿಮೀಗೆ ನಿಲ್ಲಿಸಿ ಅಂತ ನಾನು ಎಲ್ರಿಗೂ ಹೇಳ್ತೀನಿ. ಅಷ್ಟಕ್ಕೆ ಕಂಪನಿ ಕೊಟ್ಟಿರೋ ಸ್ಟೇರಿಂಗ್ ಕೀಲುಗಳು, ಶಾಫ್ಟು, ಬಾಲ್ ಜಾಯಿಂಟುಗಳು (ಮುಂದಿನ ಚಕ್ರ ತಿರುಗೋಕೆ ಬಿಡೋ ಗುಂಡು ಕೀಲು) ಹೆಚ್ಚಿನ ಗಾಡೀಲಿ ತಡ್ಕೊಳ್ತವೆ, ಸಣ್ಣಪುಟ್ಟ ತಿದ್ದುಪಡಿ ಸಾಕಾಗುತ್ತೆ. 75 ಮಿಮೀ ದಾಟಿದ್ರೆ ಒಂದೊಂದೇ ಪಾರ್ಟು ಬದಲಾಯಿಸ್ತಾ ಹೋಗ್ಬೇಕು, 6 ಇಂಚು ಅಂದ್ರೆ 150 ಮಿಮೀ, ಅಲ್ಲಿಗೆ ಮುಂದಿನ ಸಸ್ಪೆನ್ಷನ್ನೇ ಹೊಸದಾಗಿ ಡಿಸೈನ್ ಮಾಡಿದ ಹಾಗೆ. ಅದನ್ನ ಮನೆ ಶೆಡ್ಡಲ್ಲಿ ಅಂದಾಜಿನ ಮೇಲೆ ಮಾಡ್ಬೇಡಿ ದಯವಿಟ್ಟು.

ಯಾವ್ದನ್ನ ನಾವೇ ಮಾಡ್ಕೋಬಹುದು, ಯಾವ್ದನ್ನ ಕೊಂಡೇ ತರ್ಬೇಕು?

ಬ್ರೇಕ್ ಹೋಸ್ ಹಿಡ್ಕೊಳ್ಳೋ ಬ್ರಾಕೆಟ್ಟು, ಸ್ಟಾಪರ್ ರಬ್ಬರನ್ನ (ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ತಡೆಯೋ ರಬ್ಬರು) ಕೆಳಗಿಳಿಸೋ ಸ್ಪೇಸರ್ರು, ಎರಡು ತುಂಡಿನ ಶಾಫ್ಟನ್ನ ನಡುವೆ ಹಿಡಿಯೋ ಸೆಂಟರ್ ಬೇರಿಂಗ್ ಇಳಿಸೋ ಪ್ಲೇಟು, ಇವನ್ನೆಲ್ಲ ಕಟಿಂಗ್ ಮೆಷಿನ್ನು, ಡ್ರಿಲ್ಲು, ಒಂದು ವೆಲ್ಡಿಂಗ್ ಸೆಟ್ ಇದ್ರೆ ಧಾರಾಳವಾಗಿ ಮಾಡ್ಕೋಬಹುದು. ಬ್ಲಾಕ್ (ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಇಡೋ ತುಂಡು) ಮತ್ತೆ ಶ್ಯಾಕಲ್ (ಸ್ಪ್ರಿಂಗಿನ ಒಂದು ತುದೀನ ಚಾಸಿಗೆ ತೂಗುಹಾಕೋ ಕೊಂಡಿ) ಮಾಡ್ಕೋಬಹುದು, ಆದ್ರೆ ಲೋಹದ ಕೆಲ್ಸ ಚೆನ್ನಾಗಿ ಬರೋರು ಮಾತ್ರ.

ಯು ಬೋಲ್ಟು (ಸ್ಪ್ರಿಂಗನ್ನ ಆಕ್ಸಲ್ಲಿಗೆ ಬಿಗಿಯೋ ಯು ಆಕಾರದ ಬೋಲ್ಟು), ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ರು, ಬಾಲ್ ಜಾಯಿಂಟು, ಟೈ ರಾಡ್ ಎಂಡು (ಸ್ಟೇರಿಂಗ್ ಕಡ್ಡಿ ತುದಿಯ ಕೀಲು), ಬ್ರೇಕ್ ಹೋಸು ಇವನ್ನ ಕೊಂಡೇ ತನ್ನಿ. ಸ್ಟೇರಿಂಗಿಗೆ ಸೇರಿದ ಯಾವ ತೋಳನ್ನೂ ಮನೇಲಿ ಕತ್ತರಿಸಿ ವೆಲ್ಡ್ ಮಾಡ್ಬೇಡಿ. ಬ್ರಾಕೆಟ್ ಮುರಿದ್ರೆ ಗಡಗಡ ಸದ್ದು ಬರುತ್ತೆ, ಸ್ಟೇರಿಂಗ್ ತೋಳು ಮುರಿದ್ರೆ ಎದುರಿಂದ ಬರ್ತಿರೋ ಗಾಡಿಯವ್ರಿಗೂ ಅಪಾಯ.

ಪಿಟ್ ಇಲ್ಲ, ಗ್ಯಾರೇಜಿನ ಥರ ಗಾಡಿ ಎತ್ತೋ ಲಿಫ್ಟ್ ಇಲ್ಲ, ಜಾಕ್ ಮಾತ್ರ ಇದೆ. ಆಗುತ್ತಾ?

ಜಾಕ್ ಜೊತೆಗೆ ಗಾಡಿ ತೂಕ ಹೊರೋ ಸ್ಟ್ಯಾಂಡ್ ಇದ್ರೆ ಆಗುತ್ತೆ, ಇಲ್ದಿದ್ರೆ ಆಗಲ್ಲ. ಗಾಡಿ ಬರೀ ಜಾಕ್ ಮೇಲೆ ನಿಂತಿದ್ರೆ ಅದರ ಕೆಳಗೆ ಕೈನೂ ಹಾಕ್ಬೇಡಿ. ಕನಿಷ್ಠ 2 ಗಟ್ಟಿ ಸ್ಟ್ಯಾಂಡ್ ಚಾಸಿ ಕೆಳಗೆ, ಇನ್ನೊಂದು ಜಾಕ್ ಹೌಸಿಂಗ್ ಕೆಳಗೆ, ನೆಲದಲ್ಲಿರೋ ಚಕ್ರಕ್ಕೆ ಹಿಂದೆ ಮುಂದೆ ಅಡೆ, ನೆಲ ಸಮತಟ್ಟಾಗಿರೋ ಕಾಂಕ್ರೀಟ್. ಮಣ್ಣಿನ ನೆಲದಲ್ಲಿ ಸ್ಟ್ಯಾಂಡ್ ಕಾಲು ಹೂತು ವಾಲುತ್ತೆ. ಇಟ್ಟಿಗೆ, ಹಾಲೋ ಬ್ಲಾಕ್ ಇಟ್ಟು ಕೆಲ್ಸ ಮಾಡೋರನ್ನ ನೋಡಿದೀನಿ, ಅವು ಒಡೆಯೋ ಮುಂಚೆ ಯಾವ ಸೂಚನೆನೂ ಕೊಡಲ್ಲ. ಟಾರ್ಕ್ ರೆಂಚ್ (ಬೋಲ್ಟನ್ನ ಹೇಳಿದಷ್ಟೇ ಬಿಗಿ ಮಾಡೋ ಸ್ಪ್ಯಾನರ್) ಕೂಡ ಬೇಕೇ ಬೇಕು.

ಕಾನೂನು, ಇನ್ಶೂರೆನ್ಸ್ ತೊಂದ್ರೆ ಬರಲ್ವಾ?

ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ನಿಮ್ಮಲ್ಲಿ ಗಾಡಿ ನೋಂದಣಿ ಮಾಡೋ ಆಫೀಸಿಗೂ ಇನ್ಶೂರೆನ್ಸ್ ಕಂಪನಿಗೂ ಕೆಲ್ಸ ಶುರು ಮಾಡೋ ಮುಂಚೆನೇ ಕೇಳಿ, ಉತ್ತರಾನ ಬರವಣಿಗೇಲಿ ಇಟ್ಕೊಳ್ಳಿ.

## ಹಿಂದಿನ ಕಡೆ: ಲೀಫ್ ಸ್ಪ್ರಿಂಗ್

ಬ್ಲಾಕ್ ಹಾಕೋದಾ, ಪ್ಲೇಟ್ ಸೇರಿಸೋದಾ, ಶ್ಯಾಕಲ್ ಉದ್ದ ಮಾಡೋದಾ? ಯಾವ್ದು ಒಳ್ಳೇದು?

ಮೊದ್ಲು ಗಾಡಿ ಕೆಳಗೆ ಬಗ್ಗಿ ನೋಡಿ, ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿರೋ ಬಾಗಿದ ಉಕ್ಕಿನ ಪ್ಲೇಟುಗಳು) ಆಕ್ಸಲ್ ಮೇಲಿದೆಯಾ ಕೆಳಗಿದೆಯಾ ಅಂತ. ಮೇಲಿದ್ರೆ ಮಾತ್ರ ಬ್ಲಾಕ್ ಗಾಡಿನ ಎತ್ತುತ್ತೆ. ಸ್ಪ್ರಿಂಗ್ ಆಕ್ಸಲ್ ಕೆಳಗಿರೋ ಗಾಡಿಗೆ ಮಧ್ಯೆ ಬ್ಲಾಕ್ ಇಟ್ರೆ ಗಾಡಿ ಇನ್ನೂ ಕೆಳಗೇ ಹೋಗುತ್ತೆ.

ಬ್ಲಾಕಲ್ಲಿ ಲೆಕ್ಕ ಸುಲಭ, 40 ಮಿಮೀ ಬ್ಲಾಕಿಗೆ 40 ಮಿಮೀ ಎತ್ತರ, ಸ್ಪ್ರಿಂಗಿನ ಗುಣ ಬದಲಾಗಲ್ಲ. ಆದ್ರೆ ಬ್ಲಾಕ್ ಎತ್ತರ ಆದಷ್ಟೂ ಆಕ್ಸಲ್‌ಗೆ ಸ್ಪ್ರಿಂಗನ್ನ ತಿರುಚೋಕೆ ಉದ್ದ ಸನ್ನೆ ಸಿಕ್ಕ ಹಾಗೆ, ಜೋರಾಗಿ ಎಳೆಯೋವಾಗ ಬ್ರೇಕ್ ಹಾಕೋವಾಗ ಪ್ಲೇಟುಗಳು ಹಾವಿನ ಥರ ಡೊಂಕಾಗ್ತವೆ. ಪ್ಲೇಟ್ ಸೇರಿಸಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ, ಯಾವಾಗ್ಲೂ ಲೋಡ್ ಇರೋ ಗಾಡಿಗೆ ಒಳ್ಳೇದು, ಖಾಲಿ ಓಡಾಡೋ ಗಾಡಿ ಕುದುರೆ ಹಾಗೆ ಕುಣಿಯುತ್ತೆ. ಸೇರಿಸೋದಾದ್ರೆ ಉದ್ದ ಪ್ಲೇಟೇ ಸೇರಿಸಿ, ಗಿಡ್ಡ ಪ್ಲೇಟ್ ಬಲಾನೆಲ್ಲ ನಡುವಿಗೇ ತಂದು ಹಾಕುತ್ತೆ. ಶ್ಯಾಕಲ್ 50 ಮಿಮೀ ಉದ್ದ ಮಾಡಿದ್ರೆ ಸಿಗೋದು ಸುಮಾರು 25 ಮಿಮೀ ಮಾತ್ರ, ಯಾಕಂದ್ರೆ ಸ್ಪ್ರಿಂಗಿನ ಒಂದು ತುದಿ ಮಾತ್ರ ಕೆಳಗೆ ಹೋಗುತ್ತೆ, ಜೊತೆಗೆ ಹೌಸಿಂಗಿನ ಮೂತಿನೂ (ಶಾಫ್ಟ್ ಬಂದು ಸೇರೋ ಜಾಗ) ಸ್ವಲ್ಪ ತಿರುಗುತ್ತೆ. ಉದ್ದ ಶ್ಯಾಕಲ್ ಹಾಕಿದ್ರೆ ಅದರ ಎರಡು ಪ್ಲೇಟಿನ ನಡುವೆ ಅಡ್ಡ ಪಟ್ಟಿ ಕೊಡಿ, ಇಲ್ಲಾಂದ್ರೆ ತಿರುವಲ್ಲಿ ಗಾಡಿ ಪಕ್ಕಕ್ಕೆ ಜಗ್ಗುತ್ತೆ.

ನನ್ನ ಆಯ್ಕೆ: 40 ಮಿಮೀ ತನಕ ಬ್ಲಾಕ್, ಹಳೇ ಸ್ಪ್ರಿಂಗ್ ಕುಸಿದಿದ್ರೆ ಬ್ಲಾಕೂ ಬೇಡ ಏನೂ ಬೇಡ, ಹೊಸ ಬಾಗು ಇರೋ ಸ್ಪ್ರಿಂಗ್ ಸೆಟ್ಟೇ ಹಾಕ್ಸಿ.

ಬ್ಲಾಕನ್ನ ಮರದಲ್ಲೋ ಚೌಕ ಪೈಪಲ್ಲೋ ಮಾಡ್ಬಹುದಾ?

ಮರ ಬೇಡವೇ ಬೇಡ, ಒತ್ತಡಕ್ಕೆ ಅದುಮಿ ಹೋಗುತ್ತೆ, ಅದುಮಿದಷ್ಟೂ ಯು ಬೋಲ್ಟ್ ಸಡಿಲ ಆಗುತ್ತೆ. ತೆಳು ಗೋಡೆಯ ಪೈಪೂ ಹಾಗೇ ಚಪ್ಪಟೆ ಆಗುತ್ತೆ. ಗಟ್ಟಿ ಉಕ್ಕಿನ ತುಂಡು ಸಿಕ್ರೆ ಅದೇ ಸರಿ. ಅಗಲ ಸ್ಪ್ರಿಂಗಿನ ಅಗಲಕ್ಕೆ ಸಮ ಇರ್ಲಿ, ಉದ್ದ ಆಕ್ಸಲ್ ಮೇಲಿರೋ ಸೀಟಿನಷ್ಟಿರ್ಲಿ, ಮೇಲೆ ಕೆಳಗೆ ಎರಡೂ ಮುಖ ಸಮಾನಾಂತರವಾಗಿ ಮಿಲ್ಲಿಂಗ್ ಮಾಡ್ಸಿ. ಒಂದು ಮುಖದಲ್ಲಿ ಸೆಂಟರ್ ಬೋಲ್ಟ್ (ಸ್ಪ್ರಿಂಗ್ ಪ್ಲೇಟುಗಳನ್ನ ಜೋಡಿಸಿರೋ ಬೋಲ್ಟ್) ತಲೆ ಕೂರೋ ತೂತು, ಇನ್ನೊಂದು ಮುಖದಲ್ಲಿ ಅದೇ ಅಳತೆಯ ಪಿನ್. ಈ ಪಿನ್ ಸಡಿಲ ಆದ್ರೆ ಆಕ್ಸಲ್ ಹಿಂದೆ ಮುಂದೆ ಜಾರುತ್ತೆ. ಒಂದರ ಮೇಲೊಂದು ಎರಡು ಬ್ಲಾಕ್ ಪೇರಿಸೋದು ಖಂಡಿತ ಬೇಡ.

ಹಳೇ ಯು ಬೋಲ್ಟ್ ಎಟುಕುತ್ತೆ, ಅದನ್ನೇ ಹಾಕ್ಲಾ?

ಬೇಡ. ಯು ಬೋಲ್ಟ್ ಬಿಗಿ ಮಾಡಿದಾಗ ಸ್ವಲ್ಪ ಹಿಗ್ಗುತ್ತೆ, ಆ ಹಿಗ್ಗಿನಿಂದಾನೇ ಅದು ಹಿಡ್ಕೊಂಡಿರೋದು, ಒಂದ್ಸಲ ಬಿಚ್ಚಿದ ಮೇಲೆ ಅದರ ಥ್ರೆಡ್ಡಿಗೂ ಹಿಡಿತಕ್ಕೂ ಭರವಸೆ ಇಲ್ಲ. ಹೊಸದು, ಬ್ಲಾಕ್ ಎತ್ತರದಷ್ಟು ಉದ್ದ ಜಾಸ್ತಿ ಇರೋದು, ಹೊಸ ನಟ್ಟಿನ ಜೊತೆ. ಸಾದಾ ಥ್ರೆಡ್ ರಾಡನ್ನ ಕಾಯಿಸಿ ಬಗ್ಗಿಸಿ ಯು ಬೋಲ್ಟ್ ಮಾಡೋದು ನಾನು ಕಂಡಿರೋದ್ರಲ್ಲೇ ಅತಿ ಕೆಟ್ಟ ಉಳಿತಾಯ.

ಬ್ಲಾಕ್ ಹಾಕೋ ಕೆಲ್ಸ ಮೊದ್ಲಿಂದ ಕೊನೇವರೆಗೂ ಹೇಳ್ತೀರಾ?

ಹಿಂದಿನ ದಿನವೇ ನಟ್ಟುಗಳಿಗೆಲ್ಲ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡಿ. ನಾಲ್ಕೂ ಚಕ್ರದ ಹಬ್ ಮಧ್ಯದಿಂದ ಮೇಲಿನ ಫೆಂಡರ್ ಅಂಚಿಗೆ ಅಳತೆ ತಗೊಂಡು ಬರೆದಿಟ್ಕೊಳ್ಳಿ, ನೆಲದಿಂದ ಅಳೆದ್ರೆ ಟೈರ್ ಗಾಳಿ ಹೆಚ್ಚು ಕಮ್ಮಿ ಆದಾಗ ಲೆಕ್ಕ ತಪ್ಪುತ್ತೆ. ಆಮೇಲೆ ಚಾಸಿನ ಸ್ಟ್ಯಾಂಡ್ ಮೇಲೆ ಕೂರಿಸಿ, ಹೌಸಿಂಗ್ ಭಾರಾನ ಜಾಕ್ ಮೇಲೆ ಹಿಡ್ಕೊಂಡು, ಶಾಕ್ಸಿನ ಕೆಳಗಿನ ಬೋಲ್ಟ್ ಬಿಚ್ಚಿ, ಬ್ರೇಕ್ ಹೋಸು, ಎಬಿಎಸ್ ವೈರು, ಹ್ಯಾಂಡ್ ಬ್ರೇಕ್ ಕೇಬಲ್ಲು, ಹೌಸಿಂಗ್ ಮೇಲಿರೋ ಬ್ರೀದರ್ ಪೈಪು ಇವೆಲ್ಲಾ ಎಷ್ಟು ದೂರ ಬಗ್ಗುತ್ತೆ ಅಂತ ನೋಡ್ಕೊಂಡು ಬ್ರಾಕೆಟ್ಟಿಂದ ಬಿಡಿಸಿ. ನಾನು ಮೊದಲ ಸಲ ಇದನ್ನ ಮರೆತು ಜಾಕ್ ಇಳಿಸ್ಬಿಟ್ಟೆ, ಬ್ರೇಕ್ ಹೋಸ್ ತಂತಿ ಹಾಗೆ ಬಿಗಿದು ನಿಂತಿತ್ತು. ಮೇಲಿಂದ ಚೆನ್ನಾಗೇ ಕಾಣ್ತಿತ್ತು, ಆದ್ರೂ ಬದಲಾಯಿಸ್ದೆ, ಯಾಕಂದ್ರೆ ಒಳಗಿನ ಪದರ ಹರಿದಿದ್ರೆ ಹೊರಗೆ ಗೊತ್ತಾಗಲ್ಲ.

ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆಗೆ ಹೋಗಿ, ಇನ್ನೊಂದು ಕಡೆ ಯು ಬೋಲ್ಟನ್ನ ಸಡಿಲ ಮಾತ್ರ ಬಿಟ್ಟಿರಿ, ಆಗ ಆಕ್ಸಲ್ ಉರುಳಲ್ಲ. ಬ್ಲಾಕ್ ಇಟ್ಟು, ಪಿನ್ನು ತೂತಲ್ಲಿ ಕೂತಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿ, ಹೊಸ ಯು ಬೋಲ್ಟ್ ಹಾಕಿ ನಾಲ್ಕು ನಟ್ಟನ್ನೂ ಕರ್ಣಕ್ಕೆ ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡ್ತಾ ಬನ್ನಿ, ನಾಲ್ಕರಲ್ಲೂ ಹೊರಗೆ ಉಳಿದ ಥ್ರೆಡ್ ಸಮ ಇರ್ಬೇಕು. ಕೊನೇ ಟಾರ್ಕು ಗಾಡಿ ಚಕ್ರದ ಮೇಲೆ ನಿಂತಾಗ ಕೊಡಿ, ಎಷ್ಟು ಅಂತ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತೆ. ಸ್ಪ್ರಿಂಗ್ ಕಣ್ಣಿನ ಬೋಲ್ಟ್ ಏನಾದ್ರೂ ಬಿಚ್ಚಿದ್ರೆ ಅದನ್ನೂ ಗಾಡಿ ನೆಲದ ಮೇಲೆ ನಿಂತ ಮೇಲೇ ಬಿಗಿ ಮಾಡಿ. ಚಕ್ರ ಜೋತಾಡೋವಾಗ ಬಿಗಿ ಮಾಡಿದ್ರೆ ರಬ್ಬರ್ ಬುಷ್ ಯಾವಾಗ್ಲೂ ತಿರುಚ್ಕೊಂಡೇ ಇದ್ದು ಬೇಗ ಹರಿಯುತ್ತೆ.

ಲಿಫ್ಟ್ ಮಾಡಿದ ಮೇಲೆ ಜಾಸ್ತಿ ಲೋಡ್ ಹಾಕ್ಬಹುದಲ್ವಾ?

ಇಲ್ಲ. ಪ್ಲೇಟ್ ಸೇರಿಸಿ ಸ್ಪ್ರಿಂಗ್ ಗಟ್ಟಿ ಆದ್ರೂ ಚಾಸಿ, ಆಕ್ಸಲ್, ಬೇರಿಂಗ್, ಬ್ರೇಕ್ ಎಲ್ಲಾ ಹಳೇವೇ. ಕಂಪನಿ ಹೇಳಿದ ಲೋಡೇ ಲೋಡು.

## ಮುಂದಿನ ಕಡೆ

ನಂದು ಟಾರ್ಷನ್ ಬಾರ್ ಗಾಡಿ. ಬೋಲ್ಟ್ ತಿರುಗಿಸಿದ್ರೆ ಎತ್ತರ ಆಗುತ್ತೆ ಅಂತಾರೆ, ನಿಜವಾ?

ನಿಜ, ಟಾರ್ಷನ್ ಬಾರ್ ಅಂದ್ರೆ ತಿರುಚ್ಕೊಂಡು ಸ್ಪ್ರಿಂಗಿನ ಕೆಲ್ಸ ಮಾಡೋ ಉದ್ದ ಉಕ್ಕಿನ ಸರಳು, ಅದರ ಬೋಲ್ಟ್ ತಿರುಗಿಸಿದ್ರೆ 25 ರಿಂದ 35 ಮಿಮೀ ತನಕ ಯಾವ ಪಾರ್ಟೂ ಕೊಳ್ಳದೇ ಸಿಗುತ್ತೆ. ಬಾರಿಗೂ ಅದರ ಹಿಡಿಕೆಗೂ ಗುರುತು ಹಾಕ್ಕೊಂಡು, ಗಾಡಿ ಎತ್ತಿ ಚಕ್ರ ಜೋತುಬಿಟ್ಟು ಭಾರ ಇಳಿಸಿ ಆಮೇಲೆ ಬೋಲ್ಟ್ ತಿರುಗಿಸಿ, ಎಷ್ಟು ಸುತ್ತು ಅಂತ ಬರೆದಿಡಿ. ಸ್ಪ್ರಿಂಗ್ ಗಟ್ಟಿ ಆಗೋಯ್ತು ಅಂತ ಎಲ್ರೂ ಹೇಳ್ತಾರೆ, ಬಾರಿನ ಗಟ್ಟಿತನ ಇದ್ದಷ್ಟೇ ಇರುತ್ತೆ. ಆಗೋದೇನಂದ್ರೆ ಚಕ್ರ ಕೆಳಗೆ ಇಳಿಯೋ ಜಾಗ ಕಮ್ಮಿ ಆಗುತ್ತೆ, ಗುಂಡಿ ಬಂದಾಗ ಚಕ್ರ ಹಿಡ್ಕೊಂಡಿರೋ ಮೇಲಿನ ತೋಳು ಕೆಳಗಿಳಿಯೋದನ್ನ ತಡೆಯೋ ಸ್ಟಾಪರ್‌ಗೆ ಬಡಿಯುತ್ತೆ, ಆ ಏಟೇ ನಿಮ್ಗೆ ಗಟ್ಟಿ ಅನ್ಸೋದು. ತೋಳಿಗೂ ಸ್ಟಾಪರಿಗೂ ನಡುವೆ ಬೆರಳು ಕೂಡ ಹೋಗ್ತಿಲ್ಲ ಅಂದ್ರೆ ಸ್ವಲ್ಪ ವಾಪಸ್ ಇಳಿಸಿ.

ಸ್ಟ್ರಟ್ ಮೇಲೆ 25 ಮಿಮೀ ಸ್ಪೇಸರ್ ಹಾಕಿದ್ರೆ ಗಾಡಿ 45 ಎತ್ತರ ಆಯ್ತು, ಅಳತೆ ತಪ್ಪಿದ್ನಾ?

ತಪ್ಪಿಲ್ಲ. ಸ್ಟ್ರಟ್ಟಿನ (ಕಾಯಿಲ್ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಸೆಟ್ಟು) ಕೆಳತುದಿ ಕೆಳಗಿನ ತೋಳಿನ ನಡುಭಾಗದಲ್ಲಿ ಕೂತಿರುತ್ತೆ, ಚಕ್ರ ಇರೋದು ತೋಳಿನ ತುದೀಲಿ, ಹಂಗಾಗಿ ಸ್ಟ್ರಟ್ಟಲ್ಲಿ ಆದದ್ದು ಚಕ್ರದಲ್ಲಿ ಹತ್ತಿರ ಹತ್ತಿರ ಎರಡರಷ್ಟಾಗುತ್ತೆ. 50 ಮಿಮೀ ಲಿಫ್ಟ್ ಬೇಕು ಅಂತ 50 ಮಿಮೀ ಸ್ಪೇಸರ್ ಕಡೆಸಿದ್ರೆ ಅಪಾಯ ಅನ್ನೋದು ಇದಕ್ಕೇ. ಜೊತೆಗೆ ಚಕ್ರ ಮೊದಲಿಗಿಂತ ಕೆಳಗೆ ಜೋತುಬೀಳುತ್ತೆ, ಆಗ ಮೇಲಿನ ತೋಳು ಕಾಯಿಲಿಗೆ ತಾಗ್ಬಹುದು, ಬಾಲ್ ಜಾಯಿಂಟ್ ಮತ್ತೆ ಆಕ್ಸಲ್ ಶಾಫ್ಟಿನ ಸಿವಿ ಜಾಯಿಂಟ್ (ಓರೆಯಾಗಿದ್ರೂ ಚಕ್ರ ತಿರುಗಿಸೋ ಕೀಲು) ತಮ್ಮ ಮಿತಿಗೆ ಹೋಗಿ ಮುಟ್ತವೆ. ಪೂರ್ತಿ ಒತ್ತಿದಾಗ ಸ್ಟಾಪರ್ ತಾಗೋ ಮುಂಚೆ ಸ್ಟ್ರಟ್ಟೇ ತಳ ಮುಟ್ಟುತ್ತಾ ಅಂತಾನೂ ನೋಡ್ಬೇಕು.

ಕಾಯಿಲ್ ಸ್ಪ್ರಿಂಗನ್ನ ಮನೇಲಿ ಬಿಚ್ಚಬಹುದಾ?

ಸ್ಟ್ರಟ್ ಪೂರ್ತಿ ಸೆಟ್ಟಾಗಿ ಕೆಳಗಿಳಿಸೋದು ಪರವಾಗಿಲ್ಲ, ಮೇಲಿನ ನಡುವಿನ ದೊಡ್ಡ ನಟ್ಟನ್ನ ಮಾತ್ರ ಮುಟ್ಬೇಡಿ. ಆ ನಟ್ಟೇ ಒತ್ತಿ ಕೂರಿಸಿರೋ ಸ್ಪ್ರಿಂಗನ್ನ ಹಿಡ್ಕೊಂಡಿರೋದು, ಬಿಚ್ಚಿದ್ರೆ ಸ್ಪ್ರಿಂಗ್ ಗುಂಡಿನ ಹಾಗೆ ಹಾರುತ್ತೆ, ಜನ ಸತ್ತಿದಾರೆ. ಸ್ಪ್ರಿಂಗ್ ಬದಲಾಯಿಸ್ಬೇಕಾದ್ರೆ ಸ್ಟ್ರಟ್ಟನ್ನ ವರ್ಕ್‌ಶಾಪಿಗೆ ತಗೊಂಡೋಗಿ ಗೋಡೆ ಮೇಲಿರೋ ದೊಡ್ಡ ಸ್ಪ್ರಿಂಗ್ ಕಂಪ್ರೆಸರಲ್ಲಿ ಮಾಡ್ಸಿ.

ಮುಂದೆನೂ ಲೀಫ್ ಸ್ಪ್ರಿಂಗೇ ಇದೆ, ಹಿಂದಿನ ಥರಾನೇ ಬ್ಲಾಕ್ ಹಾಕ್ಲಾ?

ಮುಂದೆ ಬ್ಲಾಕ್ ಹಾಕೋ ಹಾಗಿಲ್ಲ. ಬ್ರೇಕಿನ ಬಹುಪಾಲು ಬಲ ಮುಂದಿನ ಆಕ್ಸಲ್ ಮೇಲೇ ಬೀಳುತ್ತೆ, ಸ್ಟೇರಿಂಗೂ ಅಲ್ಲೇ ಇದೆ. ಬ್ಲಾಕ್ ಜಾರಿದ್ರೆ ಸ್ಟೇರಿಂಗ್ ನಿಮ್ಮ ಕೈಲಿರಲ್ಲ. ಬಾಗು ಜಾಸ್ತಿ ಇರೋ ಸ್ಪ್ರಿಂಗ್ ಹಾಕಿಸಿ.

## ಎತ್ತಿದ ಮೇಲೆ ಬರೋ ತೊಂದ್ರೆಗಳು

ಲಿಫ್ಟ್ ಆದ್ಮೇಲೆ ಹಿಂದಿನ ಬ್ರೇಕ್ ಹಿಡೀತಾನೇ ಇಲ್ಲ, ಬ್ರೇಕ್ ಪೈಪಿನ ಗಾಳಿ ತೆಗೆದ್ರೂ ಅಷ್ಟೇ

ಇದನ್ನ ಓದೋರು ಇದೊಂದನ್ನಾದ್ರೂ ನೆನಪಿಟ್ಕೊಳ್ಳಿ. ತುಂಬಾ ಪಿಕಪ್‌ಗಳಲ್ಲಿ ಹೌಸಿಂಗಿಗೂ ಚಾಸಿಗೂ ಮಧ್ಯೆ ಒಂದು ಕಡ್ಡಿ, ಅದರ ತುದೀಲಿ ಒಂದು ವಾಲ್ವ್ ಇರುತ್ತೆ. ಲೋಡ್ ಹಾಕಿದಾಗ ಚಾಸಿ ಇಳಿಯುತ್ತೆ, ಕಡ್ಡಿ ವಾಲ್ವನ್ನ ತಳ್ಳುತ್ತೆ, ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಬಿಡುತ್ತೆ. ಖಾಲಿ ಇದ್ದಾಗ ಹಿಂದಿನ ಚಕ್ರ ಲಾಕ್ ಆಗ್ಬಾರ್ದು ಅಂತ ಒತ್ತಡ ಕಮ್ಮಿ ಮಾಡುತ್ತೆ. ನೀವು ಚಾಸಿನ 50 ಮಿಮೀ ಎತ್ತಿದ್ರೆ ವಾಲ್ವಿಗೆ ಗಾಡಿ ಯಾವಾಗ್ಲೂ ಖಾಲಿಗಿಂತ ಖಾಲಿ ಅನ್ನೋ ಲೆಕ್ಕ, ಪೂರ್ತಿ ಲೋಡ್ ಹಾಕಿ ಇಳಿಜಾರಲ್ಲಿ ಬರ್ತಿದ್ರೂ ಹಿಂದಿನ ಬ್ರೇಕಿಗೆ ಒತ್ತಡ ಬಿಡಲ್ಲ. ಕಡ್ಡಿ ಹೌಸಿಂಗಿಗೆ ಸೇರೋ ಕಡೆ ಒಂದು ಬ್ರಾಕೆಟ್ ಮಾಡಿ, ಲಿಫ್ಟ್ ಎಷ್ಟೋ ಅಷ್ಟೇ ಮೇಲಕ್ಕೆ ತನ್ನಿ, ಕಡ್ಡಿ ಮೊದಲಿದ್ದ ಕೋನದಲ್ಲೇ ನಿಲ್ಲುತ್ತೆ. ಅರ್ಧ ಗಂಟೆ ಕೆಲ್ಸ.

ಸ್ಟೇರಿಂಗ್ ಹಗುರಾಗಿ ಗಾಡಿ ಅತ್ತ ಇತ್ತ ಅಲೆಯುತ್ತೆ

ವೀಲ್ ಅಲೈನ್‌ಮೆಂಟ್ ಮಾಡ್ಸಿಲ್ಲ ಅಂತ ಅರ್ಥ. ಮುಂದೆ ಎತ್ತಿದ ಕೂಡ್ಲೇ ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರೋದು), ಕ್ಯಾಂಬರ್ (ಎದುರಿಂದ ನೋಡಿದಾಗ ಚಕ್ರ ವಾಲಿರೋದು), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗೋ ಕೀಲಿನ ಓರೆ) ಮೂರೂ ಬದಲಾಗುತ್ತೆ. ಸ್ಟೇರಿಂಗ್ ತಾನಾಗೇ ನೇರಕ್ಕೆ ಬರೋ ಗುಣ ಕ್ಯಾಸ್ಟರಿಂದ ಬರೋದು, ಅದು ಕಮ್ಮಿ ಆದ್ರೆ ಗಾಡಿ ಅಲೆಯುತ್ತೆ. ಬರೀ ಟೋ ಮಾತ್ರ ನೋಡಿ ಕಳಿಸೋ ಕಡೆ ಹೋಗ್ಬೇಡಿ, ಮೂರರ ಪ್ರಿಂಟ್ ಕೇಳಿ. ಕ್ಯಾಸ್ಟರ್ ಸರಿಗೆ ಬರ್ಲಿಲ್ಲ ಅಂದ್ರೆ ಎತ್ತರ ಇಳಿಸಿ, ಇಲ್ಲಾ ಲಿಫ್ಟಿಗೇ ಅಂತ ಬರೋ ಮೇಲಿನ ತೋಳು ಹಾಕಿಸಿ. ಹೆಡ್‌ಲೈಟ್ ಕೂಡ ಕೆಳಗೆ ಇಳಿಸಿ ಸೆಟ್ ಮಾಡ್ಕೊಳ್ಳಿ, ಇಲ್ದಿದ್ರೆ ಎದುರಿನವ್ರ ಕಣ್ಣಿಗೇ ಹೊಡೆಯುತ್ತೆ. ಮುಂದೆ ಕ್ಯಾಮೆರಾ, ರೇಡಾರ್ ಇರೋ ಹೊಸ ಗಾಡಿಯಾದ್ರೆ ಅವನ್ನೂ ಮತ್ತೆ ಕ್ಯಾಲಿಬ್ರೇಟ್ ಮಾಡ್ಸಬೇಕು.

ಹಳೇ ಶಾಕ್ಸೇ ಇರ್ಲಿ ಅಂತ ಬಿಟ್ರೆ ಏನಾಗುತ್ತೆ?

ಚಕ್ರ ಜೋತುಬಿದ್ದಾಗ ಶಾಕ್ ಅಬ್ಸಾರ್ಬರ್ರೇ ಹಗ್ಗದ ಹಾಗೆ ಆಕ್ಸಲ್ಲನ್ನ ಎಳ್ಕೊಂಡು ನಿಲ್ಲುತ್ತೆ, ಸ್ವಲ್ಪ ದಿನಕ್ಕೆ ಅದರ ಕಣ್ಣೋ ಸೀಲೋ ಕಿತ್ತೋಗುತ್ತೆ. ಲಿಫ್ಟಿಗೆ ತಕ್ಕ ಉದ್ದದ್ದು ಹಾಕಿ. ಉದ್ದದ್ದು ಹಾಕಿದ್ರೆ ಪೂರ್ತಿ ಒತ್ತಿದಾಗ ಅದು ತಳ ಮುಟ್ಟದ ಹಾಗೆ ಸ್ಟಾಪರ್ ರಬ್ಬರನ್ನೂ ಅಷ್ಟೇ ಕೆಳಗೆ ತರ್ಬೇಕು.

ದೊಡ್ಡ ಟೈರ್ ಹಾಕಿದ್ಮೇಲೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತಾ?

ಹೌದು. ಮೇಲೆ ಹೇಳಿದ 777 ರಿಂದ 834 ಮಿಮೀಗೆ ಹೋದ್ರೆ 7 ಪರ್ಸೆಂಟ್ ಚಿಲ್ಲರೆ ವ್ಯತ್ಯಾಸ, ಮೀಟರ್ ಮೊದ್ಲು ಸರಿಯಾಗಿ 100 ತೋರಿಸ್ತಿದ್ರೆ ಈಗ 100 ಅಂದಾಗ ಗಾಡಿ ಓಡ್ತಿರೋದು 107 ರಲ್ಲಿ. ಎಳೆಯೋ ಶಕ್ತಿನೂ ಅಷ್ಟೇ ಕಮ್ಮಿ ಆದಂಗಾಗುತ್ತೆ, ನಿಲ್ಲಿಸೋಕೂ ಜಾಸ್ತಿ ತುಳೀಬೇಕು.

## ಒಳಗಿನ ಲೆಕ್ಕ ಬೇಕು ಅನ್ನೋರಿಗೆ

80 ದಾಟಿದ್ರೆ ಸೀಟ್ ಕೆಳಗೆ ಗುಂಯ್ ಅಂತ ನಡುಗುತ್ತೆ. ಶಾಫ್ಟ್ ಬ್ಯಾಲೆನ್ಸ್ ಮಾಡ್ಸಿದೆ, ಹೋಗ್ಲಿಲ್ಲ

ಕೋನದ ತೊಂದ್ರೆ ಇರ್ಬೇಕು. ಯುಜೆ ಕ್ರಾಸ್ (ಶಾಫ್ಟಿನ ತುದೀಲಿರೋ ಶಿಲುಬೆ ಆಕಾರದ ಕೀಲು) ಓರೆಯಾಗಿ ತಿರುಗೋವಾಗ ಒಂದು ಸುತ್ತಿಗೆ ಎರಡು ಸಲ ಶಾಫ್ಟು ವೇಗ ಆಗುತ್ತೆ, ಎರಡು ಸಲ ನಿಧಾನ ಆಗುತ್ತೆ. ಶಾಫ್ಟಿನ ಇನ್ನೊಂದು ತುದಿಯ ಕ್ರಾಸು ಅದೇ ಕೋನದಲ್ಲಿದ್ರೆ ಇದನ್ನ ಹೊಡೆದು ಹಾಕುತ್ತೆ, ಕೋನ ಬೇರೆ ಆದ್ರೆ ನಡುಕ ಉಳಿಯುತ್ತೆ. ಗಾಡಿ ಸಮ ನೆಲದಲ್ಲಿ ನಿಂತಾಗ ಕೋನ ಅಳೆಯೋ ಮೀಟರಲ್ಲಿ ಗೇರ್‌ಬಾಕ್ಸ್ ಕಡೆ ಫ್ಲಾಂಜು, ಶಾಫ್ಟು, ಹೌಸಿಂಗ್ ಕಡೆ ಫ್ಲಾಂಜು ಮೂರನ್ನೂ ಅಳೀರಿ. ಎರಡೂ ತುದಿಯ ಕೋನ 1 ಡಿಗ್ರಿ ಒಳಗೆ ಸಮ ಇರ್ಬೇಕು, ಒಂದೊಂದೂ 3 ಡಿಗ್ರಿ ಒಳಗಿದ್ರೆ ಕ್ರಾಸ್ ಬಾಳಿಕೆ ಬರುತ್ತೆ. ಸರಿ ಮಾಡೋಕೆ ಓರೆ ಇರೋ ಉಕ್ಕಿನ ಶಿಮ್ (ತೆಳು ಬೆಣೆ) ಸ್ಪ್ರಿಂಗಿಗೂ ಸೀಟಿಗೂ ನಡುವೆ ಹಾಕ್ತಾರೆ, ಸ್ಪ್ರಿಂಗ್ ಆಕ್ಸಲ್ ಮೇಲಿರೋ ಗಾಡೀಲಿ ದಪ್ಪ ಅಂಚು ಹಿಂದಕ್ಕೆ ಬಂದ್ರೆ ಹೌಸಿಂಗ್ ಮೂತಿ ಮೇಲೇಳುತ್ತೆ. ಮೇಲ್ತುದೀಲಿ ಜೋಡಿ ಕ್ರಾಸ್ ಇರೋ ಶಾಫ್ಟಾದ್ರೆ ಲೆಕ್ಕ ಬೇರೆ, ಅಲ್ಲಿ ಮೂತಿ ನೇರ ಶಾಫ್ಟಿನ ಕಡೆಗೇ ನೋಡ್ಬೇಕು.

ಎರಡು ತುಂಡಿನ ಶಾಫ್ಟಲ್ಲಿ ಗಾಡಿ ಎಳೆಯೋವಾಗ್ಲೇ ಗಡಗಡ ಅಂದ್ರೆ ಮೊದ್ಲು ಸೆಂಟರ್ ಬೇರಿಂಗನ್ನ 10, 15 ಮಿಮೀ ಇಳಿಸಿ ನೋಡಿ.

ಆಕ್ಸಲ್ ಮೇಲೆ ಸ್ಪ್ರಿಂಗ್ ಸೀಟನ್ನ ನಾನೇ ವೆಲ್ಡ್ ಮಾಡ್ಲಾ?

ಸ್ಪ್ರಿಂಗನ್ನ ಆಕ್ಸಲ್ ಕೆಳಗಿಂದ ಮೇಲಕ್ಕೆ ತರೋರಿಗೆ ಬರೋ ಪ್ರಶ್ನೆ ಇದು, ಅದರಿಂದ ಒಂದೇ ಸಲಕ್ಕೆ ಸುಮಾರು 125 ರಿಂದ 150 ಮಿಮೀ ಎತ್ತರ ಆಗುತ್ತೆ. ವೆಲ್ಡಿಂಗ್ ಹೊಟ್ಟೆಪಾಡಾಗಿ ಮಾಡೋರ ಹತ್ರ ಮಾಡಿಸಿ. ಒಂದೇ ಸಮ ಉದ್ದಕ್ಕೆ ಎಳೆದ್ರೆ ಟ್ಯೂಬ್ ಬಾಗುತ್ತೆ, ಒಳಗಿನ ಶಾಫ್ಟು ಸೀಲು ತಿನ್ನುತ್ತೆ, ಸಣ್ಣ ಸಣ್ಣ ತುಂಡಾಗಿ ಜಾಗ ಬದಲಾಯಿಸ್ತಾ, ಆರಿಸ್ತಾ ಮಾಡ್ಬೇಕು. ಬ್ಯಾಟರಿ ವೈರ್ ಬಿಚ್ಚಿ, ಅರ್ತ್ ಕ್ಲಾಂಪನ್ನ ವೆಲ್ಡ್ ಪಕ್ಕದಲ್ಲೇ ಹಾಕಿ, ದೂರ ಹಾಕಿದ್ರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನ ಸುಡುತ್ತೆ. ಸ್ಪ್ರಿಂಗ್ ಪ್ಲೇಟಿಗಂತೂ ಬೆಂಕಿ, ವೆಲ್ಡು ಎರಡೂ ತಾಗ್ಬಾರ್ದು, ಹದ ಹೋದ ಪ್ಲೇಟ್ ಅಲ್ಲೇ ಮುರಿಯುತ್ತೆ. ಚಾಸಿಗೆ ತೂತು ಬೇಕಾದ್ರೆ ನಿಂತಿರೋ ಮುಖದಲ್ಲಿ ಕೊರೀರಿ, ಮೇಲಿನ ಕೆಳಗಿನ ಅಂಚಿನಲ್ಲಿ ಬೇಡ.

ಎತ್ತರ ಮಾಡಿದ್ರೆ ಗಾಡಿ ಮಗುಚುತ್ತೆ ಅಂತಾರೆ, ಲೆಕ್ಕದಲ್ಲಿ ತೋರಿಸ್ತೀರಾ?

ಎಡ ಬಲ ಚಕ್ರಗಳ ನಡುವಿನ ಅಗಲವನ್ನ ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ಅಗಲ 1500 ಮಿಮೀ, ಎತ್ತರ 700 ಅಂತ ಇಟ್ಕೊಳ್ಳಿ, ಉತ್ತರ 1.07. ಲಿಫ್ಟು, ಟೈರು ಸೇರಿ ಕೇಂದ್ರ 70 ಮಿಮೀ ಮೇಲೆ ಹೋದ್ರೆ 0.97. ಸಂಖ್ಯೆ ಕಮ್ಮಿ ಆದಷ್ಟೂ ತಿರುವಲ್ಲಿ ಚಕ್ರ ಬೇಗ ಏಳುತ್ತೆ. ಇದು ನಿಂತ ಗಾಡಿ ಲೆಕ್ಕ, ಓಡೋವಾಗ ಬಾಡಿ ವಾಲೋದು, ಟೈರ್ ಬಗ್ಗೋದು ಸೇರಿ ಇನ್ನೂ ಕಮ್ಮಿ ಆಗುತ್ತೆ, ಮೇಲೆ ಕ್ಯಾರಿಯರ್ ತುಂಬಾ ಸಾಮಾನು ಹೇರಿದ್ರೆ ಮತ್ತೂ ಕಮ್ಮಿ. ಅಗಲವಾದ ಟ್ರ್ಯಾಕ್ ಸ್ವಲ್ಪ ವಾಪಸ್ ಕೊಡುತ್ತೆ, ಆದ್ರೆ ಬೇರಿಂಗ್ ಮೇಲೆ ಭಾರ ಜಾಸ್ತಿ ಬೀಳುತ್ತೆ.

ಎಲ್ಲಾ ಮುಗೀತು. ರಸ್ತೆಗೆ ಇಳಿಸೋ ಮುಂಚೆ ಏನು ನೋಡ್ಲಿ?

ಒಂದು ಹಿಂದಿನ ಚಕ್ರಾನ, ಆಮೇಲೆ ಒಂದು ಮುಂದಿನ ಚಕ್ರಾನ ಗಟ್ಟಿ ರ್‍ಯಾಂಪ್ ಮೇಲೆ ಹತ್ತಿಸಿ, ಒಂದು ಕಡೆ ಪೂರ್ತಿ ಒತ್ತಿ ಇನ್ನೊಂದು ಕಡೆ ಪೂರ್ತಿ ಜೋತುಬೀಳೋ ಹಾಗೆ ಮಾಡಿ. ಆ ಸ್ಥಿತೀಲಿ ಸ್ಟೇರಿಂಗ್ ಎರಡೂ ಕೊನೆಗೆ ತಿರುಗಿಸ್ತಾ ಜೊತೆಗೊಬ್ರು ಪಕ್ಕದಲ್ಲಿ ಟಾರ್ಚ್ ಹಿಡಿದು ನೋಡ್ಲಿ: ಹೋಸ್ ಬಿಗೀತಿದೆಯಾ, ಟೈರ್ ಎಲ್ಲಾದ್ರೂ ಉಜ್ಜುತ್ತಾ, ಸಿವಿ ರಬ್ಬರ್ ಮಡಿಕೆಗಳು ಒಂದಕ್ಕೊಂದು ತಿಕ್ಕುತ್ತಾ, ಶಾಫ್ಟಿನ ಜಾರೋ ತುದಿ ಹೊರಗೆ ಬಂದ್ಬಿಟ್ಟಿದೆಯಾ. ಆಮೇಲೆ ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ಹಾಕಿ ನೋಡಿ. 100 ಕಿಮೀ ಆದ್ಮೇಲೆ ಯು ಬೋಲ್ಟುಗಳನ್ನ ಮತ್ತೆ ಟಾರ್ಕ್ ಮಾಡಿ, 500 ಕ್ಕೆ ಇನ್ನೊಂದ್ಸಲ, ನಟ್ಟಿನ ಮೇಲೆ ಪೇಂಟಲ್ಲಿ ಒಂದು ಗೆರೆ ಎಳೆದಿಟ್ರೆ ಸಡಿಲ ಆದದ್ದು ಬಗ್ಗಿ ನೋಡಿದ ಕೂಡ್ಲೇ ಕಾಣುತ್ತೆ.